ಸೋಮವಾರದ ಮಳೆ

"ಕೈ ತೆಗೀರಿ! ಮುಟ್ಟಬೇಡಿ ಅದನ್ನ!"

ಸರ್ವಮಂಗಳಳ ದನಿ ಅವಳಿಗೇ ಹೊಸದೆನ್ನಿಸುವಷ್ಟು ಜೋರಾಗಿತ್ತು.

ಶಾಲೆಯ ಅಂಗಳದ ಮೂಲೆಯಲ್ಲಿ, ಅವಳ ಮಳೆ ಅಳೆಯುವ ಡಬ್ಬದ ಮುಂದೆ ಮಂಡಿಯೂರಿ ಕೂತಿದ್ದ ಗಂಡಸು ಬೆಚ್ಚಿ ತಿರುಗಿದ. ಬಿಳಿ ಪಂಚೆ, ಕಂದು ಕೋಟು, ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ಕೈಯಲ್ಲಿ ಡಬ್ಬದೊಳಗಿನ ಬಾಟಲಿ.

ಬಾಟಲಿಯಲ್ಲಿ ನೀರು!

ನೀರು...? ಶನಿವಾರದಿಂದ ಒಂದು ಹನಿಯೂ ಬಿದ್ದಿಲ್ಲವಲ್ಲ!

"ಯಾರು ನೀವು? ಅದರೊಳಗೆ ಏನು ಹಾಕಿದ್ರಿ?"

"ಹಾಕೋದಾ?" ಅವನು ಎದ್ದು ನಿಂತ. "ನೋಡ್ತಾ ಇದ್ದೆ ಅಷ್ಟೇ. ಶಿವಶಂಕರಪ್ಪ ಅಂತ. ಇವತ್ತಿಂದ ಇಲ್ಲಿ ಅಸಿಸ್ಟೆಂಟ್ ಮೇಷ್ಟ್ರು."

ಅವಳು ಬಾಟಲಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಆ ಗಡಿಬಿಡಿಯಲ್ಲಿ ಬೆರಳಿಗೆ ಬೆರಳು ತಾಗಿತು. ಅವಳು ಅದನ್ನು ಗಮನಿಸದವಳಂತೆ ನೀರನ್ನು ಅಳತೆಯ ಗಾಜಿಗೆ ಸುರಿದಳು. ಅವನು ಮಾತ್ರ ಗಮನಿಸಿದ.

ಎಪ್ಪತ್ತೇಳು ಸೆಂಟು. ಮುಕ್ಕಾಲು ಇಂಚಿಗಿಂತ ಹೆಚ್ಚು ಮಳೆ! ಒಣಗಿ ಬಿರುಕುಬಿಟ್ಟ ಅಂಗಳದಲ್ಲಿ!

ಅದು ೧೯೩೭ರ ದೀಪಾವಳಿ ಕಳೆದ ಮೊದಲ ಸೋಮವಾರ. ಶನಿವಾರಸಂತೆಯಿಂದ ಎರಡು ಮೈಲಿ ಆಚೆಗಿನ ಮೂಡಲಕೊಪ್ಪದ ಎಲಿಮೆಂಟರಿ ಶಾಲೆ ರಜೆ ಮುಗಿಸಿ ಬಾಗಿಲು ತೆರೆದ ದಿನ.

ಆ ಡಬ್ಬ ಸರ್ವಮಂಗಳಳ ಪ್ರಾಣ. ಜೂನ್ ತಿಂಗಳಲ್ಲಿ ಶನಿವಾರದ ಸಂತೆಯ ತಗಡು ಕೆಲಸದವನಿಂದ ಐದು ಇಂಚು ಅಗಲದ ಆಲಿಕೆ ಮಾಡಿಸಿ, ಡಬ್ಬಕ್ಕೆ ತುಕ್ಕು ಹಿಡಿಯದಂತೆ ಕಪ್ಪು ಬಣ್ಣ ಬಳಿದು, ಕಲ್ಲಿನ ಪೀಠದ ಮೇಲೆ ಕೂರಿಸಿದ್ದಳು. ಸುತ್ತ ಬಿದಿರಿನ ಬೇಲಿ, ಅದಕ್ಕೊಂದು ಪುಟ್ಟ ಗೇಟು. ಒಳಗೆ ಕಾಲಿಡುವವರು ಕೈಕಾಲು ತೊಳೆದೇ ಬರಬೇಕು, ಮಣ್ಣು ಸಿಡಿದು ಆಲಿಕೆಗೆ ಬೀಳಬಾರದು. ಅಳೆಯುವಾಗ ಮಕ್ಕಳು ಸುತ್ತ ಸದ್ದಿಲ್ಲದೆ ನಿಲ್ಲಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು.

ಒಂದು ಇಂಚಿಗೆ ನೂರು ಸೆಂಟು. ಮಗ್ಗಿ ಒಪ್ಪಿಸಲಾರದೆ ತಲೆ ತಗ್ಗಿಸುತ್ತಿದ್ದ ಮಕ್ಕಳು, ಜುಲೈ ಮಳೆಯನ್ನು ಕೂಡಿ, ಕಳೆದು, ದಿನಕ್ಕೆ ಸರಾಸರಿ ಎಷ್ಟು ಎಂದು ಹೇಳುವಂತಾಗಿದ್ದರು. ನೆಟ್ಟ ಕೋಲಿನ ನೆರಳು ಅಳೆದು ಮಧ್ಯಾಹ್ನ ಯಾವಾಗ ಎಂದು ಹೇಳುತ್ತಿದ್ದರು. ತೆಂಗಿನ ಚಿಪ್ಪಿನ ತಕ್ಕಡಿ ಕಟ್ಟಿ ಕಾಳು ತೂಗುತ್ತಿದ್ದರು.

ಹೆಡ್‌ಮಾಸ್ತರ್ ಪದ್ಮಯ್ಯನವರಿಗೆ ಅದು ಹಿಡಿಸಿರಲಿಲ್ಲ.

"ಮಕ್ಕಳು ಮಗ್ಗಿ ಮರ್ತು ನೀರಾಟ ಆಡ್ತಾವೆ ಅಂತ ನಾನೇ ಮೇಲಕ್ಕೆ ಬರ್ದಿದ್ದೆ ಕಣಮ್ಮ," ಎಂದರು ಅವರು ಅಂದು, ಹೊಸ ಮೇಷ್ಟ್ರ ಬೆನ್ನು ತಟ್ಟುತ್ತ. "ಅದಕ್ಕೇ ಮಡಿಕೇರಿಯಿಂದ ಇನ್‌ಸ್ಪೆಕ್ಟರ್ ಸಾಹೇಬ್ರು ಇವರನ್ನ ಕಳಿಸಿದಾರೆ. ಡಿಸೆಂಬರ್ ಒಂದನೇ ತಾರೀಕು ಅವರೇ ಬರ್ತಾರೆ. ನಿಮ್ಮ ಮಳೆ ಪುಸ್ತಕದಲ್ಲಿ ಒಂದು ತಪ್ಪಿದ್ರೂ ಡಬ್ಬ ಗುಜರಿಗೆ, ನೀವು ಬೇರೆ ಊರಿಗೆ!"

ಅಂದರೆ... ಇವನು ಗೂಢಚಾರ!

ಸರ್ವಮಂಗಳ ಮಳೆ ಪುಸ್ತಕವನ್ನು ಎದೆಗವಚಿಕೊಂಡಳು.

ಹಿಂದಿನ ಶಾಲೆಯಲ್ಲೂ ಹೀಗೇ ಆಗಿತ್ತು. ನಗುನಗುತ್ತ ಮಾತಾಡಿ, ಅವಳ ಡಬ್ಬಿಯ ಉಪ್ಪಿಟ್ಟು ತಿಂದ ಮೇಷ್ಟ್ರೇ ಅವಳ ಮೇಲೆ ಮೂಗರ್ಜಿ ಬರೆದಿದ್ದ. ಅಂದಿನಿಂದ ಅವಳು ಅಳೆದು ಮಾತಾಡುತ್ತಿದ್ದಳು. ಪಟೇಲ್ ಜವರಪ್ಪನವರ ಮನೆಯ ಹಿಂಬದಿಯ ಕೋಣೆಗೆ ಬಂದು ಆರು ತಿಂಗಳಾದರೂ ಟ್ರಂಕಿನಿಂದ ಸೀರೆಗಳನ್ನು ಹೊರಗೆ ತೆಗೆದಿಟ್ಟಿರಲಿಲ್ಲ. ಯಾವಾಗ ಹೊರಡಬೇಕಾಗುವುದೋ...

ಆ ದಿನದ ಪುಟದಲ್ಲಿ ಎಪ್ಪತ್ತೇಳು ಎಂದು ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದಳು.

*

ಮಂಗಳವಾರದಿಂದ ಶನಿವಾರದವರೆಗೆ ಸೊನ್ನೆ. ಮತ್ತೆ ಸೋಮವಾರ ಎಪ್ಪತ್ತೇಳು!

ಆ ಎರಡನೆಯ ಸೋಮವಾರ ಅವಳು ಬೇಗನೆ ಬಂದಿದ್ದಳು. ಶಿವಶಂಕರಪ್ಪ ಅವಳಿಗಿಂತ ಮೊದಲೇ ಬೇಲಿಯ ಪಕ್ಕ ನಿಂತಿದ್ದ. ಶಾಲೆಗೆ ಅಂಟಿಕೊಂಡಂತಿದ್ದ ಸುಮಿತ್ರಮ್ಮನ ಮನೆಯಲ್ಲಿ ಅವನಿಗೆ ಊಟ, ವಸತಿ. ಆಕೆ ಒಂಟಿ ಮುದುಕಿ.

"ಇವತ್ತೂ ನೀರಿದೆ ನೋಡಿ," ಎಂದ ಅವನು, ಅವಳ ಮುಖವನ್ನೇ ನೋಡುತ್ತ.

ಯಾಕೆ ಹೀಗೆ ನೋಡುತ್ತಾನೆ? ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಾನೆಯೇ?

"ನಿಮಗೆ ಹೇಗೆ ಗೊತ್ತು? ಆಲಿಕೆ ಎತ್ತಿದ್ರಾ?"

"ಇಲ್ಲ. ಆಲಿಕೆ ಒದ್ದೆಯಾಗಿದೆ."

"ಮೇಷ್ಟ್ರೇ, ನಿಮ್ಮ ತರಗತಿ ಅಲ್ಲಿದೆ," ಎಂದಳು ಅವಳು, ತಣ್ಣಗೆ.

ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಬರುವ ಹತ್ತು ವರ್ಷದ ಮುದ್ದಿ ಆಲಿಕೆಯೊಳಗೆ ಇಣುಕಿ, "ಟೀಚರಮ್ಮ, ಹೂವು ಬಿದ್ದೈತೆ," ಎಂದಳು. ಬೆರಳ ತುದಿಯಷ್ಟು ಬಿಳಿಯ ತುಂಬೆ ಹೂ.

"ಗಾಳಿಗೆ ಬಂದಿರುತ್ತೆ. ತೆಗೆದು ಬಿಸಾಕು."

ಸರ್ವಮಂಗಳಳ ಕಣ್ಣು ಹೂವಿನ ಮೇಲಿರಲಿಲ್ಲ. ಕಿಟಕಿಯಾಚೆ ಕೂತು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದ ಅವನ ಮೇಲಿತ್ತು. ದಿನವೂ ಬರೆಯುತ್ತಿದ್ದ. ಅವಳು ಪಾಠ ಮಾಡುವಾಗ, ಮಕ್ಕಳು ನೆರಳು ಅಳೆಯುವಾಗ, ಕೊನೆಗೆ ಅವಳು ಸುಮ್ಮನೆ ನಿಂತಿದ್ದಾಗಲೂ!

ಮೂರನೆಯ ವಾರ ಅವಳು ಒಂದು ಉಪಾಯ ಮಾಡಿದಳು. ಶನಿವಾರ ಹೊರಡುವ ಮುಂಚೆ ಬೇಲಿಯ ಗೇಟಿಗೆ ಕಪ್ಪು ದಾರ ಕಟ್ಟಿದಳು. ಯಾರು ತೆಗೆದರೂ ಹರಿಯಲೇಬೇಕು.

ಸೋಮವಾರ ಬಂದು ನೋಡಿದರೆ ದಾರ ಹರಿದಿರಲಿಲ್ಲ. ಯಾರೋ ಬಿಚ್ಚಿ, ಒಳಗೆ ಹೋಗಿ ಬಂದು, ಮತ್ತೆ ಕಟ್ಟಿದ್ದರು. ಅವಳು ಕಟ್ಟಿದ್ದಕ್ಕಿಂತ ಅಂದವಾಗಿ!

ಬಾಟಲಿಯಲ್ಲಿ ಎಪ್ಪತ್ತೇಳು.

ಎಂಥ ಚಾಲಾಕಿ ಮನುಷ್ಯ! ಇನ್‌ಸ್ಪೆಕ್ಟರ್ ಬಂದು ಸೋಮವಾರಪೇಟೆಯ ಸರ್ಕಾರಿ ಮಳೆ ಲೆಕ್ಕದ ಜೊತೆ ಪುಸ್ತಕ ಹೋಲಿಸಿದರೆ ಅಲ್ಲಿ ಸೊನ್ನೆ, ಇಲ್ಲಿ ಎಪ್ಪತ್ತೇಳು. "ಮಕ್ಕಳಿಗೆ ಸುಳ್ಳು ಲೆಕ್ಕ ಕಲಿಸ್ತೀರಾ?" ಎಂದು ಕೇಳಿದರೆ ಏನು ಹೇಳಲಿ...?

*

ಮರುದಿನ ಅವಳು ಮೂರು ಸೋಮವಾರಗಳ ಅಂಕಿಯನ್ನು ಹಲಗೆಯ ಮೇಲೆ ಬರೆದಳು.

"ಮಳೆ ಹೀಗೆ ಬರುತ್ತಾ ಮಕ್ಕಳೇ?"

ಎಲ್ಲರಿಗಿಂತ ಮೊದಲು ಎದ್ದವಳು ಮುದ್ದಿ. "ಮಳೆ ಅಂಗೆ ಬರಾಕಿಲ್ಲ ಟೀಚರಮ್ಮ. ಒಂದಪ ಜಾಸ್ತಿ ಉಯ್ತದೆ, ಒಂದಪ ಕಮ್ಮಿ. ಇದ್ನ ಯಾರೋ ಅಳ್ದು ಹಾಕವ್ರೆ!"

"ಹೇಗೆ ಗೊತ್ತಾಯ್ತು?"

"ಮೂರು ಸಲಾನೂ ಅಷ್ಟೇ ಅಂದ್ರೆ ಒಂದೇ ಪಾತ್ರೆ. ಯಾವ್ದು ಅಂತ ಹುಡುಕ್‌ಬೌದು!"

ಸರ್ವಮಂಗಳಳ ಕಣ್ಣು ಮಿನುಗಿತು. ಎರಡರ ಮಗ್ಗಿಯಲ್ಲೇ ಎಡವುತ್ತಿದ್ದ ಹುಡುಗಿ!

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಪಾತ್ರೆಗಳ ಸಂತೆಯೇ ನೆರೆಯಿತು. ಲೋಟ, ಗಿಂಡಿ, ತೆಂಗಿನ ಚಿಪ್ಪು, ಬಿದಿರಿನ ಪಾವು. ಒಬ್ಬೊಬ್ಬರೂ ತಮ್ಮ ಪಾತ್ರೆ ತುಂಬಿ ಆಲಿಕೆಗೆ ಸುರಿದು, ಗಾಜಿನಲ್ಲಿ ಅಳೆದು, ಸ್ಲೇಟಿನ ಮೇಲೆ ಬರೆದರು.

"ಚಿಪ್ಪು ಐವತ್ತೆರಡು!"

"ಎಪ್ಪತ್ತೇಳಕ್ಕೆ ಎಷ್ಟು ಕಮ್ಮಿ?"

"ಇಪ್ಪತ್ತೈದು!"

"ನಮ್ಮನೆ ಪಾವು ಎಂಬತ್ತೊಂದು!"

"ನಿಮ್ಮನೇರು ಧಾರಾಳ ಕಣೋ, ನಾಲ್ಕು ಜಾಸ್ತಿ ಹಿಡಿತೈತೆ!"

ಪುಟ್ಟ ಚೋಮಿ ಅವಸರದಲ್ಲಿ ಗಿಂಡಿಯನ್ನು ಪಕ್ಕದವನ ತಲೆಯ ಮೇಲೆಯೇ ಸುರಿದಳು. ಸರ್ವಮಂಗಳ ನಕ್ಕುಬಿಟ್ಟಳು. ತಿಂಗಳುಗಳ ನಂತರ ಮೊದಲ ಸಲ ಬಾಯಿಗೆ ಸೆರಗು ಹಿಡಿಯುವುದನ್ನೂ ಮರೆತು.

ತಲೆಯೆತ್ತಿದರೆ ಜಗಲಿಯ ಮೇಲೆ ಶಿವಶಂಕರಪ್ಪ! ಅವಳನ್ನೇ ನೋಡುತ್ತಿದ್ದ. ಕೂಡಲೇ ನೋಟ್‌ಬುಕ್ಕು ತೆಗೆದು ಏನೋ ಬರೆದುಕೊಂಡ.

ಅವಳ ನಗು ಅಲ್ಲೇ ಆರಿತು.

"ಒಂದು ಪಾತ್ರೆ ಉಳ್ಕಂಡೈತೆ," ಎಂದಳು ಮುದ್ದಿ, ಮೆಲ್ಲಗೆ.

ಅವಳು ತೋರಿಸಿದ್ದು ಶಿವಶಂಕರಪ್ಪನ ತರಗತಿಯ ಕಿಟಕಿಯನ್ನು. ಅಲ್ಲಿ ಅವನು ನೀರು ಕುಡಿಯುವ ಪುಟ್ಟ ತಾಮ್ರದ ತಂಬಿಗೆ ಹೊಳೆಯುತ್ತಿತ್ತು. ತೋರಿಸಿದ್ದೇನೋ ಸರಿ, ಆದರೆ ಮುದ್ದಿ ಹೆಜ್ಜೆ ಮುಂದಿಡಲಿಲ್ಲ. ಮೇಷ್ಟ್ರು ಕುಡಿಯುವ ಪಾತ್ರೆಯನ್ನು ಲೈನಿನ ಹುಡುಗಿ ಮುಟ್ಟುವುದುಂಟೇ?

"ತಗೋ ಮುದ್ದಿ," ಎಂದ ಅವನು. "ಕುತ್ತಿಗೆವರೆಗೂ ತುಂಬಿಸು."

ಮುದ್ದಿ ಎರಡೂ ಕೈಯಲ್ಲಿ ತಂಬಿಗೆ ಹಿಡಿದು ತಂದಳು. ತುಂಬಿಸಿದಳು. ಸುರಿದಳು. ಗಾಜಿಗೆ ಕಣ್ಣು ಹಚ್ಚಿ ನೋಡಿದಳು.

"ಎಪ್ಪತ್ತೇಳು..."

ಮಕ್ಕಳೆಲ್ಲ ಮೇಷ್ಟ್ರ ಕಡೆ ತಿರುಗಿದರು.

ಶಿವಶಂಕರಪ್ಪನ ಮುಖ ಬಿಳಿಚಿತು. ಅವನು ತಂಬಿಗೆಯನ್ನು ಮುದ್ದಿಯ ಕೈಯಿಂದ ತೆಗೆದುಕೊಂಡ. ಮಡಕೆಯಿಂದ ನೀರು ತುಂಬಿಕೊಂಡು, ಎಲ್ಲರ ಎದುರೇ ಗಟಗಟ ಕುಡಿದ. ಜಗಲಿಯಿಂದ ಪದ್ಮಯ್ಯನವರು "ಶಿವ ಶಿವಾ!" ಎಂದು ಮುಖ ತಿರುಗಿಸಿಕೊಂಡರು.

ಸರ್ವಮಂಗಳಳಿಗೆ ಏನೂ ತಿಳಿಯದಾಯಿತು. ಇಂಥ ಮನುಷ್ಯ ಕದ್ದು ನೀರು ಹಾಕುತ್ತಾನೆಯೇ? ...ಹಾಕಬಹುದು. ಉಪ್ಪಿಟ್ಟು ತಿಂದವನೂ ಒಳ್ಳೆಯವನಂತೆಯೇ ಕಾಣುತ್ತಿದ್ದನಲ್ಲ!

*

ಮಕ್ಕಳು ಮನೆಗೆ ಹೋದ ಮೇಲೆ ಅವನೇ ಬಂದ.

"ಕೇಳೋದಿದ್ರೆ ನೇರವಾಗಿ ಕೇಳಿ, ಟೀಚರಮ್ಮ."

"ಆ ನೋಟ್‌ಬುಕ್ಕಲ್ಲಿ ಏನಿದೆ?"

"ವರದಿ."

"ಯಾರಿಗೆ?"

"ಇನ್‌ಸ್ಪೆಕ್ಟರಿಗೆ. ಈ ಪಾಠದಿಂದ ಮಕ್ಕಳಿಗೆ ಏನಾದ್ರೂ ಬರುತ್ತಾ ನೋಡಿ ಬರೀರಿ ಅಂತಾನೇ ನನ್ನನ್ನ ಕಳಿಸಿದ್ದು."

ಅವನು ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ.

"ಅದಕ್ಕೇ ನೀರು ಹಾಕಿದ್ರಾ? ನನ್ನ ಲೆಕ್ಕ ಸುಳ್ಳು ಅಂತ ತೋರಿಸೋಕೆ?"

"ನಾನು ಹಾಕಿಲ್ಲ."

"ತಂಬಿಗೆ ನಿಮ್ಮದೇ! ನೀವು ಬಂದ ದಿನದಿಂದಲೇ ಶುರುವಾಗಿದೆ! ಇದಕ್ಕಿಂತ ಇನ್ನೇನು ಬೇಕು?"

"ನನ್ನದೂ ಒಂದು ಲೆಕ್ಕ ಇದೆ, ಹೇಳ್ಲಾ?" ಅವನ ದನಿ ಗಡುಸಾಯಿತು. "ದೀಪಾವಳಿ ಕಳೆದ ಮೇಲೆ ಮಳೆ ಇಲ್ಲ. ಪುಸ್ತಕದ ತುಂಬಾ ಸೊನ್ನೆ. ಇನ್‌ಸ್ಪೆಕ್ಟರ್ ಬರೋ ಹೊತ್ತಿಗೆ ತೋರಿಸೋಕೆ ಏನಾದ್ರೂ ಬೇಕು. ಆ ಬೇಲಿ ಒಳಗೆ ಹೋಗೋ ಹಕ್ಕು ಒಬ್ಬರಿಗೇ ಇರೋದು. ದಾರ ಕಟ್ಟೋದೂ ಅವರೇ, ಬಿಚ್ಚೋದೂ..."

"ನಾನಾ?!" ಅವಳ ಕಣ್ಣು ತುಂಬಿಬಂತು. "ನನ್ನ ಮಕ್ಕಳಿಗೆ ನಾನೇ ಸುಳ್ಳು ಮಳೆ ತೋರಿಸ್ತೀನಾ?"

ಅವನು ಜೇಬಿನ ನೋಟ್‌ಬುಕ್ಕನ್ನು ಮುಟ್ಟಿಕೊಂಡ.

"ಹಾಗಿರಲಾರದು ಅಂತ ನನ್ನ ಮನಸ್ಸು ಹೇಳ್ತಾನೇ ಇದೆ. ಅದಕ್ಕೇ ವರದೀಲಿ ಸೋಮವಾರದ ಜಾಗ ಖಾಲಿ ಬಿಟ್ಟಿದೀನಿ." ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತ. "ನೀವು ಮಾತ್ರ ನನಗೆ ಅಷ್ಟು ಜಾಗಾನೂ ಬಿಟ್ಟಿಲ್ಲ."

ಆ ಮಾತು ಚುಚ್ಚಿತು. ವಾರವಿಡೀ ಚುಚ್ಚುತ್ತಲೇ ಇತ್ತು.

*

ನಾಲ್ಕನೆಯ ಸೋಮವಾರ. ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಅಂಗಳದ ತುಂಬ ಮಂಜು.

ಸರ್ವಮಂಗಳ ಹೆಜ್ಜೆ ಸಪ್ಪಳವಾಗದಂತೆ ಬಂದು ಶಾಲೆಯ ಸೌದೆ ರಾಶಿಯ ಹಿಂದೆ ಬಗ್ಗಿದಳು. ಯಾರದೋ ಮೊಣಕಾಲು ತಾಗಿತು!

"ಅಯ್ಯೋ!"

"ಶ್! ನಾನು!"

ಶಿವಶಂಕರಪ್ಪ! ಕಂಬಳಿ ಹೊದ್ದು ಕೂತಿದ್ದಾನೆ!

"ಸಿಕ್ಕಿಬಿದ್ರಿ!" ಎಂದಳು ಪಿಸುಗುಟ್ಟಿ.

"ನಾನೂ ಅದನ್ನೇ ಹೇಳೋಣ ಅಂತಿದ್ದೆ! ನಾಲ್ಕು ಗಂಟೆಯಿಂದ ಕಾಯ್ತಾ ಇದೀನಿ, ನೀವು ಬರ್ತೀರೇನೋ ಅಂತ."

"ನಿಮ್ಮ ತಂಬಿಗೆ ಎಲ್ಲಿ?"

"ನನ್ನ ಕೋಣೇಲಿ. ಬೇಕಾದ್ರೆ ನನ್ನ ಕೈ ನೋಡಿ."

ಅವನು ಎರಡೂ ಅಂಗೈ ಚಾಚಿದ. ಖಾಲಿ. ಚಳಿಗೆ ನಡುಗುತ್ತಿದ್ದವು. ಅವಳೂ ತನ್ನ ಕೈ ತೋರಿಸಿದಳು. ಅವೂ ಖಾಲಿ, ಅವೂ ನಡುಗುತ್ತಿದ್ದವು.

"ಕಂಬಳಿ ತಗೊಳ್ಳಿ."

"ಬೇಡ."

"ಅನುಮಾನ ಪಡೋಕೂ ಮೈ ಬೆಚ್ಚಗಿರಬೇಕು ಟೀಚರಮ್ಮ."

ನಗು ಬಂದಿತು. ತುಟಿ ಕಚ್ಚಿ ತಡೆದುಕೊಂಡಳು. ಕಂಬಳಿಯ ಒಂದು ತುದಿಯನ್ನು ಮಾತ್ರ ಎಳೆದುಕೊಂಡಳು.

ಆಗಲೇ ಸುಮಿತ್ರಮ್ಮನ ಮನೆಯ ಹಿತ್ತಿಲ ಬಾಗಿಲು ಕಿರುಗುಟ್ಟಿತು.

ಮಂಜಿನಲ್ಲಿ ಒಂದು ಸಣ್ಣ ದೀಪ ತೇಲಿಬಂತು. ಅದರ ಹಿಂದೆ ಸುಮಿತ್ರಮ್ಮ! ಹಣೆಯ ತುಂಬ ವಿಭೂತಿ, ಒದ್ದೆ ಕೂದಲು, ಕೈಯಲ್ಲಿ ಪುಟ್ಟ ತಾಮ್ರದ ತಂಬಿಗೆ.

ಆಕೆ ಬೇಲಿಯ ಹೊರಗೆ ನಿಂತು ಕೈಕಾಲು ತೊಳೆದುಕೊಂಡರು. ದಾರವನ್ನು ಕಣ್ಣಿಗೊತ್ತಿ, ನಿಧಾನವಾಗಿ ಬಿಚ್ಚಿದರು. ಕಲ್ಲಿನ ಪೀಠದ ಮುಂದೆ ದೀಪವಿಟ್ಟು, ಕಪ್ಪು ಡಬ್ಬದ ನೆತ್ತಿಗೆ ಸಣ್ಣ ಧಾರೆಯಲ್ಲಿ, ಒಂದು ಹನಿಯೂ ಹೊರಗೆ ಚೆಲ್ಲದಂತೆ ನೀರೆರೆದರು. ಮೇಲೊಂದು ತುಂಬೆ ಹೂ.

"ಸ್ವಾಮೀ... ಗುಡ್ಡ ಹತ್ತಿ ನಿನ್ ಗುಡೀಗ್ ಬರಕ್ಕೆ ಈ ಸಲ ಮಂಡಿ ಬಿಡ್ಲಿಲ್ಲ. ಇಲ್ಲೇ ಬಂದು ಕೂತಿದೀಯ, ಪುಣ್ಯ. ಕಾರ್ತಿಕದ ಸೋಮವಾರ ನಾಲ್ಕೂ ಎರೆದಿದೀನಿ. ನಮ್ಮನೆ ಮೇಷ್ಟ್ರು ಬಾಯಿಲ್ಲದೋನು, ಅವನಿಗೊಂದು ಬಾಯಿ ಕೊಡು. ಆ ಟೀಚರಮ್ಮ ಯಾರನ್ನೂ ನಂಬದೋಳು, ಅವಳಿಗೊಂದಿಷ್ಟು ನಂಬಿಕೆ ಕೊಡು. ಎರಡನ್ನೂ ಒಂದು ಮಾಡಪ್ಪಾ..."

ಸೌದೆ ರಾಶಿಯ ಹಿಂದೆ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು. ಕಂಬಳಿಯೊಳಗೆ ಸರ್ವಮಂಗಳಳ ಕಿವಿ ಕೆಂಪಾಯಿತು.

ಕಾರ್ತಿಕ ಸೋಮವಾರ! ತುಂಬೆ ಹೂ! ಚಿಕ್ಕಂದಿನಿಂದ ತಾನೂ ಅಮ್ಮನ ಜೊತೆ ಹೋಗಿ ನೀರೆರೆದವಳಲ್ಲವೇ? ಕಣ್ಣೆದುರೇ ಇತ್ತು! ಕಳ್ಳನನ್ನು ಹುಡುಕುವ ಅವಸರದಲ್ಲಿ ಹೂವನ್ನೇ ಬಿಸಾಕಿಸಿದೆನಲ್ಲ!

ಶಿವಶಂಕರಪ್ಪ ಸೀನಿಬಿಟ್ಟ.

"ಯಾರದು?" ದೀಪ ಮೇಲೆದ್ದಿತು. ಸುಮಿತ್ರಮ್ಮ ನೋಡಿದರು. ಒಂದೇ ಕಂಬಳಿಯಲ್ಲಿ ಇಬ್ಬರು!

"ಅಬ್ಬಾ ಶಿವನೇ! ಇಷ್ಟು ಬೇಗ ಕೊಟ್ಬುಟ್ಯಾ?"

*

ಸತ್ಯ ಹೇಳುವುದು ಸರ್ವಮಂಗಳಳಿಗೆ ಎಂದೂ ಇಷ್ಟು ಕಷ್ಟವಾಗಿರಲಿಲ್ಲ. ಒಂದೊಂದೇ ಮಾತು ಆರಿಸಿ ಹೇಳಿದಳು. ಅದು ದೇವರಲ್ಲ, ಮಳೆ ಅಳೆಯುವ ಡಬ್ಬ ಎಂದು.

ಸುಮಿತ್ರಮ್ಮ ಕಲ್ಲಿನ ಮೇಲೆ ಕುಸಿದು ಕೂತರು.

"ಮತ್ತೆ ನೀನ್ಯಾಕವ್ವ ಕರೀ ಲಿಂಗದ ಹಂಗೆ ಕಲ್ಲಿನ್ ಮೇಲೆ ಕೂರಿಸಿದೆ? ಕೈಕಾಲು ತೊಳೀದೆ ಒಳಗ್ ಬರಬೇಡಿ ಅಂದೆ? ದಿನಾ ಅದರ ಮುಂದೆ ತಲೆ ಬಗ್ಗಿಸ್ತಿದ್ದೆ, ಮಕ್ಕಳು ಸುತ್ತ ನಿಂತು ಏನೋ ಹೇಳ್ತಿದ್ವು... ಮಂತ್ರ ಅನ್ಕಂಡೆ. ದಾರ ಬೇರೆ ಕಟ್ಟಿದ್ದೆ! ಹರಕೆ ದಾರ ಹರೀಬಾರ್ದು ಅಂತ ನಾನು ಬಿಚ್ಚಿ, ಮತ್ತೆ ಅಚ್ಚುಕಟ್ಟಾಗಿ ಕಟ್ಟಿದ್ದೆ."

ಸರ್ವಮಂಗಳ ಬೇಲಿಯ ಗೇಟಿನತ್ತ ನೋಡಿದಳು. ಯಾರೂ ಮುಟ್ಟಬಾರದೆಂದು ತಾನು ಕಾದದ್ದೇ ಅದನ್ನು ದೇವರನ್ನಾಗಿ ಮಾಡಿತ್ತು!

"ಈ ತಂಬಿಗೆ..." ಎಂದ ಶಿವಶಂಕರಪ್ಪ.

"ಜೋಡಿ ತಂಬಿಗೆ ಕಣಪ್ಪ, ನನ್ ಮದುವೇಲಿ ತವರಿಂದ ಬಂದಿದ್ದು. ಒಂದು ಪೂಜೆಗಿಟ್ಕಂಡು ಒಂದು ನಿನಗೆ ಕೊಟ್ಟೆ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ. "ನಾಲ್ಕು ವಾರ ತಗಡಿಗೆ ನೀರು ಹಾಕ್ದೆ... ಯಾರಿಗೂ ಹೇಳ್ಬೇಡಿ ಕಣ್ರಪ್ಪ. ಪಟೇಲ್ರ ಮನೇರಿಗೆ ಗೊತ್ತಾದ್ರೆ ಶನಿವಾರಸಂತೆ ತನಕ ನಗ್ತಾರೆ."

ಸರ್ವಮಂಗಳ ಆಕೆಯ ಒರಟು ಕೈ ಹಿಡಿದುಕೊಂಡಳು.

"ಹೇಳಲ್ಲ ಅವ್ವ."

ಹೇಳಿದ ಮೇಲೆಯೇ ಅವಳಿಗೆ ಹೊಳೆದದ್ದು. ನಾಡಿದ್ದು ಬುಧವಾರ ಇನ್‌ಸ್ಪೆಕ್ಟರ್ ಬರುತ್ತಾರೆ! ಕಾರಣ ಹೇಳದೆ ಪುಸ್ತಕ ಉಳಿಯುವುದು ಹೇಗೆ?

*

ಬುಧವಾರ.

ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿ ಮಳೆ ಪುಸ್ತಕ ತಿರುವಿದರು. ಪದ್ಮಯ್ಯನವರು ಪಕ್ಕದಲ್ಲೇ ನಿಂತು ಬೆರಳು ತೋರಿಸಿದರು.

"ನೋಡಿ ಸಾರ್, ಸೋಮವಾರಪೇಟೇಲಿ ಒಂದು ಹನಿ ಇಲ್ಲ. ಇಲ್ಲಿ ವಾರ ವಾರ ಎಪ್ಪತ್ತೇಳು!"

ನಾಲ್ಕು ಸೋಮವಾರಗಳ ಮೇಲೂ ಕೆಂಪು ಗೆರೆ ಎಳೆದಿತ್ತು. ಕೆಳಗೆ ಸರ್ವಮಂಗಳಳ ದುಂಡನೆಯ ಅಕ್ಷರದಲ್ಲಿ: 'ಇದು ಮಳೆಯಲ್ಲ, ಹೊರಗಿನಿಂದ ಬಿದ್ದ ನೀರು. ಡಬ್ಬವನ್ನು ಸರಿಯಾಗಿ ನೋಡಿಕೊಳ್ಳದ ತಪ್ಪು ನನ್ನದು.'

"ಹೊರಗಿನಿಂದ ಅಂದ್ರೆ?" ಇನ್‌ಸ್ಪೆಕ್ಟರ ಹುಬ್ಬು ಗಂಟಾಯಿತು. "ಯಾರು ಹಾಕಿದ್ದು?"

ಸರ್ವಮಂಗಳ ತುಟಿ ಬಿಚ್ಚಲಿಲ್ಲ. ಕೋಣೆಯಲ್ಲಿನ ಟ್ರಂಕು ಕಣ್ಣ ಮುಂದೆ ಬಂತು. ಬೀಗ ಹಾಕುವುದೊಂದೇ ಬಾಕಿ...

"ತಂಬಿಗೆ ನಾನಿರೋ ಮನೇದು ಸಾರ್."

ಶಿವಶಂಕರಪ್ಪ ಮುಂದೆ ಬಂದು ನಿಂತಿದ್ದ! ಅವಳು ಬೆಚ್ಚಿ ನೋಡಿದಳು. ಏನು ಮಾಡುತ್ತಿದ್ದಾನೆ ಇವನು? ತನ್ನ ಮೇಲೇ ಎಳೆದುಕೊಳ್ಳುತ್ತಿದ್ದಾನಲ್ಲ!

"ಕಂಡುಹಿಡಿದಿದ್ದು ಮಕ್ಕಳು. ಮುದ್ದಿ, ತೋರಿಸಮ್ಮ."

ಮುದ್ದಿ ಹೆದರಲಿಲ್ಲ. ಹಲಗೆಯ ಮೇಲೆ ಚಿಪ್ಪು, ಪಾವು, ಗಿಂಡಿಗಳ ಅಂಕಿ ಬರೆದಳು. "ಮಳೆ ವಾರವಾರ ಒಂದೇ ಅಳತೇಲಿ ಬರಾಕಿಲ್ಲ ಸಾರ್. ಪಾತ್ರೆ ಬತ್ತದೆ. ಚಿಪ್ಪಲ್ಲಿ ಇಪ್ಪತ್ತೈದು ಕಮ್ಮಿ, ಪಾವಲ್ಲಿ ನಾಲ್ಕು ಜಾಸ್ತಿ. ತಂಬಿಗೇಲಿ ಸಮ." ತಂಬಿಗೆ ತುಂಬಿ ಸುರಿದು ಗಾಜನ್ನು ಅವರ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. "ಮೇಲಿಂದ ನೋಡ್ಬೇಡಿ ಸಾರ್, ತಪ್ಪಾಯ್ತದೆ. ಬಗ್ಗಿ ನೋಡಿ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು! ಎಪ್ಪತ್ತೇಳು.

ಅವರು ಜೋರಾಗಿ ನಕ್ಕರು. "ಓಹೋ! ಮಕ್ಕಳನ್ನ ಪರೀಕ್ಷೆ ಮಾಡೋಕೆ ನೀವೇ ಹೂಡಿದ ಒಗಟೇನ್ರೀ ಶಿವಶಂಕರಪ್ಪ? ಪದ್ಮಯ್ಯನೋರೇ, ಈ ಹುಡುಗಿಗೆ ಮಗ್ಗಿ ಬರಲ್ಲ ಅಂತ ಬರ್ದಿದ್ರಲ್ಲ?"

ಪದ್ಮಯ್ಯನವರು ಟೋಪಿ ಸರಿಮಾಡಿಕೊಂಡರು.

"ಪಾಠ ನಡೀಲಿ. ಎಲ್ಲಾ ತರಗತಿಗೂ ನಡೀಲಿ," ಎಂದು ಬರೆದು ಇನ್‌ಸ್ಪೆಕ್ಟರ್ ಸಹಿ ಹಾಕಿದರು.

ಕಿಟಕಿಯಾಚೆ ಸುಮಿತ್ರಮ್ಮ ತಮ್ಮ ಹಿತ್ತಿಲ ಬೇಲಿಗೆ ಬಟ್ಟೆ ಒಣಹಾಕುತ್ತ, ಏನೂ ತಿಳಿಯದವರಂತೆ ನಿಂತಿದ್ದರು.

*

ಮುಂದಿನ ಸೋಮವಾರ. ಕಾರ್ತಿಕ ಮುಗಿದಿತ್ತು.

ಮಕ್ಕಳು ಬರುವ ಮುಂಚೆ ಇಬ್ಬರೂ ಡಬ್ಬದ ಮುಂದೆ ನಿಂತರು. ಗೇಟಿಗೆ ದಾರ ಇರಲಿಲ್ಲ. ಸರ್ವಮಂಗಳ ಕಟ್ಟುವುದನ್ನು ಬಿಟ್ಟಿದ್ದಳು.

ಬಾಟಲಿ ಒಣಗಿತ್ತು.

"ಸೊನ್ನೆ," ಎಂದಳು. ಸೊನ್ನೆ ಕಂಡು ಇಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

"ಅವತ್ತು ಯಾಕೆ ತಂಬಿಗೆ ವಿಷಯ ಹೇಳಿದ್ರಿ?" ಎಂದು ಕೇಳಿದಳು. "ಕೆಲಸ ಹೋಗಬಹುದಿತ್ತು."

"ನೀವು ತಪ್ಪು ನನ್ನದು ಅಂತ ಬರೆದಿದ್ರಿ. ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ."

ಅವನು ಜೇಬಿನಿಂದ ನೋಟ್‌ಬುಕ್ಕು ತೆಗೆದು ಚಾಚಿದ. "ಓದಿ. ಇದೊಂದು ಅನುಮಾನ ಬಾಕಿ ಇರೋದು ಬೇಡ."

ಮೊದಲ ಪುಟಗಳಲ್ಲಿ ವರದಿ. ಮುದ್ದಿ ಭಿನ್ನರಾಶಿ ಕಲಿತದ್ದು, ನೆರಳಿನ ಕೋಲು, ಚಿಪ್ಪಿನ ತಕ್ಕಡಿ. ಸೋಮವಾರದ ಜಾಗ ಖಾಲಿ ಬಿಟ್ಟು, ಎರಡನೆಯ ವಾರಕ್ಕೆ ವರದಿ ಮುಗಿದಿತ್ತು. ಆಮೇಲೆ ಪುಟಕ್ಕೊಂದು ಉದ್ದ ಗೆರೆ, ತಾರೀಕು, ಅಂಕಿ. ಅವಳ ಮಳೆ ಪುಸ್ತಕದ ಹಾಗೆಯೇ!

'ಬುಧವಾರ – ಸೊನ್ನೆ. ಗುರುವಾರ – ಅರ್ಧ, ತಕ್ಷಣ ತಡೆದುಕೊಂಡರು. ಸೋಮವಾರ – ಸೊನ್ನೆ. ಮಂ‌ಗಳವಾರ – ಪೂರ್ತಿ ಒಂದು! ಚೋಮಿ ಗಿಂಡಿ ಚೆಲ್ಲಿದಾಗ. ನನ್ನನ್ನು ನೋಡಿ ನಿಲ್ಲಿಸಿದರು.'

"ಏನಿದು? ಏನನ್ನ ಅಳೆದಿದೀರಿ?"

"ನಿಮ್ಮ ನಗು."

ಅವಳಿಗೆ ಅಕ್ಷರಗಳು ಮಸುಕಾದವು. ಮೂಗರ್ಜಿ ಎಂದು, ಚಾಡಿ ಎಂದು ಅಂದುಕೊಂಡಿದ್ದ ಪುಸ್ತಕ...

"ನನಗೆ ಬಾಯಿಲ್ಲ ಅಂತ ಅವ್ವ ದೇವರ ಹತ್ರ ದೂರು ಕೊಟ್ಟಿದಾರೆ," ಎಂದ ಅವನು, ನೆಲ ನೋಡುತ್ತ. "ನಿಮ್ಮ ಮನೆಯವರ ಹತ್ರ ಬಂದು ಕೇಳೋಕೆ ಬಾಯಿ ಬಂದಿದೆ ಅನ್ಸುತ್ತೆ. ಆದ್ರೆ ಮೊದಲು ನಿಮ್ಮನ್ನ ಕೇಳಬೇಕು. ಮಂಗಳಾ... ನನ್ನನ್ನ ನಂಬ್ತೀರಾ?"

ಅವಳು ನೋಟ್‌ಬುಕ್ಕನ್ನು ಮುಚ್ಚಿ ಅವನ ಕೈಗಿಟ್ಟಳು. ಮಾತನ್ನು ಅಳೆದೇ ಆಡುವವಳು.

"ನಿನ್ನೆ ಟ್ರಂಕು ಬಿಚ್ಚಿ ಸೀರೆಗಳನ್ನೆಲ್ಲ ಗೂಟಕ್ಕೆ ಹಾಕಿದೆ," ಎಂದಳು ಕೊನೆಗೆ.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ತಡ, ಮುಖವೆಲ್ಲ ಅರಳಿತು.

ಅದನ್ನು ನೋಡಿ ಅವಳು ನಕ್ಕಳು. ಸೆರಗು ಅಡ್ಡ ಹಿಡಿಯಲಿಲ್ಲ. ಅರ್ಧಕ್ಕೆ ನಿಲ್ಲಿಸಲೂ ಇಲ್ಲ.

ಅವನು ಪೆನ್ಸಿಲ್ ತೆಗೆದ. "ಇವತ್ತು ಸೋಮವಾರ. ಎಷ್ಟು ಅಂತ ಬರೀಲಿ?"

"ಕೊಡಿ ಇಲ್ಲಿ." ಅವಳು ಪೆನ್ಸಿಲನ್ನೂ ನೋಟ್‌ಬುಕ್ಕನ್ನೂ ಕಸಿದುಕೊಂಡಳು. ಈ ಸಲ ಬೆರಳಿಗೆ ಬೆರಳು ತಾಗಿದ್ದನ್ನು ಗಮನಿಸದವಳಂತೆ ಇರಲಿಲ್ಲ. "ಇನ್ಮೇಲೆ ಈ ಲೆಕ್ಕ ನನ್ನ ಹತ್ರ ಇರುತ್ತೆ."

"ಯಾಕೆ? ಇನ್ನೂ ಅನುಮಾನಾನಾ?"

"ಸ್ವಲ್ಪ," ಎಂದಳು ಅವಳು. "ಅರ್ಧ ನಕ್ಕಿದ್ದನ್ನ ಅರ್ಧ ಅಂತಲೇ ಬರೆದಿದೀರಿ. ಆ ಗುರುವಾರ ನಾನು ಪೂರ್ತಿ ನಕ್ಕಿದ್ದೆ, ನೀವು ಆ ಕಡೆ ತಿರುಗಿದ ಮೇಲೆ."